ನಡಾವಳಿ

ಶಾರ್ಜಾದಲ್ಲಿ, ಖಾಲಿದ್ ಲಗೂನಿನ ಪಕ್ಕದ ಹೋಟೆಲು, ಹದಿನಾಲ್ಕನೇ ಮಹಡಿ.
ಒಂಬತ್ತೂವರೆ ಸಂಸ್ಥೆ, ಒಂದೇ ಹೆಸರು,
ಒಂದೇ ಲಾಂಛನ: ಬೊಗಸೆಯೊಳಗೊಂದು ಹಣತೆ.
ಹಣತೆಯ ಹಳದಿ ಎಷ್ಟು ಹಳದಿಯಿರಬೇಕೆಂಬುದಕ್ಕೆ
ಬೈಲಾದಲ್ಲಿ ಆರು ಪುಟ.

ನಾನು ನಡಾವಳಿ ಬರೆಯುವವಳು.
ನನ್ನ ವೀಸಾ ಲಿಯಾನಿನವರ ಲೈಸೆನ್ಸಿನ ಮೇಲೆ,
ಸಂಬಳ ಬರ್ಗೆನ್ನಿನವರ ಖಾತೆಯಿಂದ,
ರಜೆ ಬೇಕೆಂದರೆ ಕೇಂದ್ರ ಕಚೇರಿಯನ್ನು ಕೇಳಬೇಕು;
ಅದು ಯಾರದೆಂಬುದು ಇವತ್ತಿನ ವಿಷಯಪಟ್ಟಿಯಲ್ಲಿ ಏಳನೆಯದು.

ಐದನೆಯದು ಮತ:
ತಲೆಗೊಂದೋ, ತಂದ ರೊಕ್ಕಕ್ಕೆ ತಕ್ಕಷ್ಟೋ.
ಆ ಅರ್ಧ ಸಂಸ್ಥೆ ಮೇಜಿನ ತುದಿಯಲ್ಲಿ ಕೂತಿದೆ:
ಖುಲ್ನಾದ ರೋಕೇಯಾ ತರಫ್ದಾರ್, ಸಹಸದಸ್ಯೆ.
ಮೈಕು ಉಂಟು, ಮತವಿಲ್ಲ.
‘ಮುಂದಿನ ಸಭೆಯಲ್ಲಿ ಪರಿಶೀಲಿಸಲಾಗುವುದು’ —
ಹನ್ನೊಂದು ವರ್ಷದ ಈ ವಾಕ್ಯವನ್ನು
ಐದು ಸಲ ನಾನೇ ಬರೆದಿದ್ದೇನೆ.

ಹನ್ನೆರಡೂ ಇಪ್ಪತ್ತಕ್ಕೆ ಫೋನು ಮಿಣುಕಿತು.
ಹಮ್ರಿಯಾದ ಗೋದಾಮಿನಿಂದ ಮೊಯ್ದಿನಬ್ಬ:
“ಮೇಡಂ, ಟ್ರೇಲರ್ ನಿಂತಿದೆ, ಡ್ರೈವರ್ ಏಸಿ ಹಾಕಿ ಮಲಗಿದ್ದಾನೆ.
ನಾಲ್ಕು ಸಾವಿರದ ಇನ್ನೂರು ಡೇರೆ.
ಯಾರ ಹೆಸರಿನ ಸ್ಟಿಕ್ಕರು ಅಂಟಿಸಲಿ?”

ಮಂಗಳವಾರವೇ ಅಲ್ಲಿ ಏರಿ ಒಡೆದಿದೆ.
ರೋಕೇಯಾರ ಹುಡುಗರು ಸೊಂಟಮಟ್ಟ ನೀರಲ್ಲಿ
ಪಟ್ಟಿ ಹಿಡಿದು ನಿಂತಿದ್ದಾರೆ.
ಟೊರೊಂಟೊದವರು ತಮ್ಮ ಮಂಡಳಿಯನ್ನು ಕೇಳಬೇಕು,
ಅಲ್ಲಿನ್ನೂ ಬೆಳಗಾಗಿಲ್ಲ.

ಕೆಟ್ಟವರಲ್ಲ ಯಾರೂ. ಬರ್ಗೆನ್ನಿನ ಆ ಮುದುಕ
ಮಂಡಿಯೂರಿ ಮಗುವಿಗೆ ಉಪ್ಪುಸಕ್ಕರೆ ನೀರು ಕುಡಿಸುವುದನ್ನು
ಕಣ್ಣಾರೆ ಕಂಡಿದ್ದೇನೆ. ಆದರೆ
ಅವನ ಬೆನ್ನಿಗೆ ಮಂಡಳಿ, ಮಂಡಳಿಯ ಬೆನ್ನಿಗೆ ದಾನಿಗಳು,
ದಾನಿಗಳ ಕೈಯಲ್ಲಿ ತೆರಿಗೆಯ ರಸೀದಿ.

ಲಿಂಗಸೂಗೂರಿನಲ್ಲಿ ನಮ್ಮ ಚಿಕ್ಕವ್ವ ಹುಲಿಗೆಮ್ಮನ ಸಂಘ:
ತಗಡಿನ ಪೆಟ್ಟಿಗೆ ಒಬ್ಬಾಕೆಯ ಮನೆಯಲ್ಲಿ,
ಕೀಲಿ ಇನ್ನೊಬ್ಬಾಕೆಯ ಸೊಂಟದಲ್ಲಿ,
ಲೆಕ್ಕದ ಬುಕ್ಕು ಓದು ಬಾರದ ಮೂರನೆಯಾಕೆಯ
ಜೋಳದ ಗಡಿಗೆಯಲ್ಲಿ.
“ಜಗಳ ಆಗ್ಲಿ ಅಂತನ ಹಿಂಗ ಹಂಚೀವಿ,
ಮೂವರೂ ಬರದ ಪೆಟ್ಟಿಗಿ ತೆರಿಯಂಗಿಲ್ಲ.”
ಅಲ್ಲೇನು ಸ್ವರ್ಗವಿರಲಿಲ್ಲ. ಕೀಲಿಯವಳು ಮುನಿದು
ತವರಿಗೆ ಹೋದಾಗ ಹೆರಿಗೆಯ ಸಾಲ ಎಂಟು ದಿನ ತಡವಾಯಿತು.
ಕೂಸು ತಡಮಾಡಲಿಲ್ಲ.

ಇಲ್ಲಿ ಪೆಟ್ಟಿಗೆ, ಕೀಲಿ, ಬುಕ್ಕು
ಮೂರೂ ಮೇಜಿನ ಅದೇ ಮಗ್ಗುಲಲ್ಲಿ.

ನಾನು ಬರೆಯುವುದು ಇಂಗ್ಲಿಷಿನಲ್ಲಿ, ಒಳಗೆ ಕೇಳುವುದು ಕನ್ನಡದಲ್ಲಿ:
ಚರ್ಚಿಸಲಾಯಿತು. ಗಮನಿಸಲಾಯಿತು. ಮುಂದೂಡಲಾಯಿತು.
ಯಾರಿಂದ? ವ್ಯಾಕರಣ ಕೇಳುವುದಿಲ್ಲ.
ಕೇಳಿದ್ದು ರೋಕೇಯಾ, ಮೈಕು ಮುಟ್ಟದೆ:
“ಡೇರೆಯ ಮೇಲೆ ಯಾರ ಹೆಸರಾದರೂ ಇರಲಿ.
ಡೇರೆ ಬರದೆ ಹೋದರೆ,
ಆ ಬರದ ಡೇರೆಯ ಮೇಲೆ ಯಾರ ಹೆಸರು?”

ಏಸಿಯ ಸದ್ದು.
ಯಾರೋ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ
ಮತ್ತೆ ಮುಚ್ಚಿದರು.

ಮೂರೂ ಐವತ್ತಕ್ಕೆ ಅಡ್ಡಗೋಡೆಯ ಮೇಲೊಂದು ದೀಪವಿಟ್ಟರು:
ಬರೀ ಲಾಂಛನ, ಡೇರೆಯ ಒಳಮೈಗೆ,
ತಾತ್ಕಾಲಿಕವಾಗಿ, ಪೂರ್ವನಿದರ್ಶನವಾಗದಂತೆ.
“ಮಲಗಿದವರ ಕಣ್ಣಿಗೇ ಬೀಳುವ ಹಾಗೋ?” ಎಂದ ಮೊಯ್ದಿನಬ್ಬ.
ಹಿಂದೆ ಟ್ರೇಲರ್ ಕೆಮ್ಮಿ ಎದ್ದದ್ದು ಕೇಳಿಸಿತು.

ಮತದ ವಿಷಯ ಮುಂದಿನ ಸಭೆಗೆ.

ರಾತ್ರಿ ಕರಡಿನಲ್ಲಿ ಬರೆದೆ:
ರೋಕೇಯಾ ತರಫ್ದಾರ್ ಕೇಳಿದರು.
ಒಂಬತ್ತು ಸಂಸ್ಥೆಯವರೂ ಸುಮ್ಮನಿದ್ದರು.
ಅಧ್ಯಕ್ಷರು ಹಸಿರು ಪೆನ್ಸಿಲಿನಿಂದ ಸುತ್ತು ಹಾಕಿ
ಅಂಚಿನಲ್ಲಿ ‘ಶೈಲಿ?’ ಎಂದು ಗೀಚಿ ಕಳಿಸಿದ್ದಾರೆ.
ಹೊಡೆದು ಹಾಕಿಲ್ಲ.

ಮುಂದಿನ ಸಭೆ ಮಾರ್ಚಿನಲ್ಲಿ. ಮೊದಲನೇ ವಿಷಯ:
ಕಳೆದ ಸಭೆಯ ನಡಾವಳಿಯನ್ನು ಓದಿ ದೃಢಪಡಿಸುವುದು.
ಓದುವವಳು ನಾನೇ.